ಬೀದಿನಾಯಿ, ಬೆಕ್ಕು ಮತ್ತು ಉಳಿದವರು: ನೀವು ಪದೇ ಪದೇ ಕೇಳುವ ಪ್ರಶ್ನೆಗಳು

ಬೆಂಗಳೂರಿನ ಹನುಮಂತನಗರ, ಗವಿಪುರ, ಬಸವನಗುಡಿ ಈ ಮೂರರ ನಡುವೆ ಓಡಾಡಿಕೊಂಡು ಬೀದಿಯ ಪ್ರಾಣಿಗಳ ಕೆಲಸ ನೋಡಿಕೊಳ್ಳುವ ಹದಿನಾಲ್ಕು ಜನ ನಾವು. ಫೋನ್ ದಿನಾ ಬರುತ್ತದೆ. ಫೋನ್ ಮಾಡುವವರು ಬೇರೆ ಬೇರೆ, ಕೇಳುವುದು ಹೆಚ್ಚುಕಡಿಮೆ ಅದೇ. ರಾತ್ರಿ ಹನ್ನೊಂದಕ್ಕೆ ಅರ್ಧ ನಿದ್ದೆಯಲ್ಲಿ ಕೊಡುವ ಉತ್ತರಕ್ಕಿಂತ ಕೂತು ಬರೆದದ್ದು ಸ್ವಲ್ಪ ವಾಸಿ ಅನ್ನಿಸಿ ಇದನ್ನು ಬರೆದಿದ್ದೇವೆ.

ನೀವು ಯಾರು? ಪಾಲಿಕೆಯವರಾ?

ಅಲ್ಲ. ಬ್ಯಾಂಕಿನಿಂದ ನಿವೃತ್ತರಾದ ಇಬ್ಬರು, ಒಬ್ಬ ಆಟೋ ಚಾಲಕರು, ಗಾಂಧಿಬಜಾರಿನಲ್ಲಿ ಹೂವು ಮಾರುವ ಒಬ್ಬ ಅಕ್ಕ, ನಾಲ್ಕು ಜನ ಕಾಲೇಜು ಹುಡುಗರು, ಉಳಿದವರು ಕಂಪ್ಯೂಟರ್ ಮುಂದೆ ಕೂರುವವರು. ಸಂಬಳ ಯಾರಿಗೂ ಇಲ್ಲ. ಆಫೀಸ್ ಇಲ್ಲ. ಹಳೆಯದೊಂದು ಓಮ್ನಿ ಇದೆ. ಅದರ ಹಿಂದಿನ ಸೀಟು ತೆಗೆದು ಎರಡು ಬೋನು ಇಟ್ಟಿದ್ದೇವೆ. ಮಳೆಗಾಲದಲ್ಲಿ ಅದರೊಳಗಿನ ವಾಸನೆ ಬಗ್ಗೆ ಕೇಳಬೇಡಿ.

ನಮ್ಮ ಬೀದಿಯಲ್ಲಿ ನಾಯಿ ಜಾಸ್ತಿ ಆಗಿವೆ. ಬಂದು ತಗೊಂಡು ಹೋಗ್ತೀರಾ?

ಹತ್ತು ಫೋನಿನಲ್ಲಿ ಏಳು ಇದೇ. ಉತ್ತರ: ಇಲ್ಲ. ಇಲ್ಲ ಅಂದ ಕೂಡಲೇ ಫೋನ್ ಇಡಬೇಡಿ, ಮುಂದಿನದನ್ನೂ ಕೇಳಿ.

ಮೊದಲನೆಯದು, ತಗೊಂಡು ಹೋಗಿ ಇಡಲು ನಮ್ಮ ಹತ್ತಿರ ಜಾಗ ಇಲ್ಲ. ಎರಡನೆಯದು, ಕಾನೂನು ಬಿಡುವುದಿಲ್ಲ. 2023ರ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ ನಾಯಿಯನ್ನು ಹಿಡಿದು, ಮರಿ ಆಗದ ಹಾಗೆ ಆಪರೇಷನ್ ಮಾಡಿ, ರೇಬಿಸ್ ಇಂಜೆಕ್ಷನ್ ಹಾಕಿ, ಹಿಡಿದ ಜಾಗಕ್ಕೇ ತಂದು ಬಿಡಬೇಕು. 2001ರ ಹಳೆಯ ನಿಯಮವೂ ಇದನ್ನೇ ಹೇಳುತ್ತಿತ್ತು.

ಮೂರನೆಯದು ಅನುಭವದ ಮಾತು. ಒಂದು ಬೀದಿಯ ನಾಯಿಗಳನ್ನೆಲ್ಲ ಎತ್ತಿಕೊಂಡು ಹೋದರೆ ಆ ಬೀದಿ ಖಾಲಿ ಇರುವುದಿಲ್ಲ. ಅಲ್ಲಿ ಕಸ ಇದೆ, ಕೋಳಿ ಅಂಗಡಿ ಇದೆ, ಫುಟ್‌ಪಾತ್ ಮೇಲೆ ತಿಂಡಿ ಗಾಡಿ ಇದೆ. ತಿಂಗಳೊಪ್ಪತ್ತಿನಲ್ಲಿ ಪಕ್ಕದ ಏರಿಯಾದ ನಾಯಿಗಳು ಬಂದು ಸೇರುತ್ತವೆ. ಹೊಸಬರಿಗೆ ಆಪರೇಷನ್ ಆಗಿರುವುದಿಲ್ಲ, ಇಂಜೆಕ್ಷನ್ ಆಗಿರುವುದಿಲ್ಲ, ನಿಮ್ಮ ಮುಖದ ಪರಿಚಯವೂ ಇರುವುದಿಲ್ಲ. ಪರಿಚಯ ಇಲ್ಲದ ನಾಯಿಯೇ ತಾನೆ ಸ್ಕೂಟರ್ ಹಿಂದೆ ಓಡುವುದು?

ಹಾಗಾಗಿ ನಾವು ತಗೊಂಡು ಹೋಗುವುದಿಲ್ಲ. ತಗೊಂಡು ಹೋಗಿ ವಾಪಸ್ ತರುತ್ತೇವೆ. ಈ ಎರಡರ ವ್ಯತ್ಯಾಸ ವಿವರಿಸುವುದರಲ್ಲೇ ನಮ್ಮ ಅರ್ಧ ಆಯಸ್ಸು ಹೋಗುತ್ತಿದೆ.

ಆಪರೇಷನ್ ಅಂದರೆ ಏನು ಮಾಡುತ್ತೀರಿ?

ಆಪರೇಷನ್ ನಾವು ಮಾಡುವುದಿಲ್ಲ. ಪಾಲಿಕೆ ಗೊತ್ತುಮಾಡಿರುವ ಎಬಿಸಿ (ಪ್ರಾಣಿ ಜನನ ನಿಯಂತ್ರಣ) ಕೇಂದ್ರದಲ್ಲಿ ಪಶುವೈದ್ಯರು ಮಾಡುತ್ತಾರೆ. ನಾಯಿ ಹಿಡಿಯಲು ಅವರ ವ್ಯಾನ್ ಬರುತ್ತದೆ. ಯಾವ ನಾಯಿಗೆ ಆಗಿದೆ, ಯಾವುದಕ್ಕೆ ಆಗಿಲ್ಲ, ಯಾವುದು ಎಲ್ಲಿ ಮಲಗುತ್ತದೆ ಅನ್ನುವ ಪಟ್ಟಿ ಇಟ್ಟುಕೊಂಡು ಜೊತೆಗೆ ನಿಲ್ಲುವುದು ನಮ್ಮ ಕೆಲಸ.

ಹಿಡಿಯುವುದು ಬೆಳಗ್ಗೆ ಐದೂವರೆಗೆ, ಹಾಲಿನವರು ಬರುವ ಹೊತ್ತಿಗೆ. ಬಲೆ ಬಳಸುತ್ತಾರೆ. ಕಬ್ಬಿಣದ ಇಕ್ಕಳ, ತಂತಿ ಬಳಸುವ ಹಾಗಿಲ್ಲ. ಯಾರಾದರೂ ಬಳಸಿದರೆ ವಿಡಿಯೋ ಮಾಡಿ ನಮಗೆ ಕಳಿಸಿ. ಆರು ತಿಂಗಳೊಳಗಿನ ಮರಿಗಳನ್ನು, ಹಾಲು ಕುಡಿಸುತ್ತಿರುವ ತಾಯಿಯನ್ನು ಹಿಡಿಯುವುದಿಲ್ಲ. ಆಪರೇಷನ್ ಆದ ಮೇಲೆ ನಾಲ್ಕೈದು ದಿನ ಅಲ್ಲೇ ಇಟ್ಟುಕೊಂಡು, ಹೊಲಿಗೆ ಸರಿಯಾಗಿದೆಯಾ ನೋಡಿ, ಆಮೇಲೆ ಬಿಡುತ್ತಾರೆ.

ನಾವೇ ಮಾಡಿದ ಒಂದು ತಪ್ಪು ಹೇಳಿಬಿಡುತ್ತೇವೆ. ಶುರುವಿನ ವರ್ಷ. ಒಂದೇ ದಿನ ಎರಡು ಕಂದು ಹೆಣ್ಣುನಾಯಿಗಳನ್ನು ಕಳಿಸಿದ್ದೆವು. ವಾಪಸ್ ಬಿಡುವಾಗ ಅದಲುಬದಲು ಆಯಿತು. ಮಧ್ಯೆ ಇದ್ದದ್ದು ಬರೀ ಮೂರು ಕ್ರಾಸ್. ಒಂದನ್ನು ಆ ಬೀದಿಯ ನಾಯಿಗಳು ಸುತ್ತುಗಟ್ಟಿ ಕಿವಿ ಹರಿದವು. ಇನ್ನೊಂದು ರಾತ್ರಿಯೆಲ್ಲ ಕಾರಿನ ಕೆಳಗೆ ಕೂತಿದ್ದು, ಬೆಳಗ್ಗೆ ತಾನಾಗಿಯೇ ನಡೆದುಕೊಂಡು ತನ್ನ ಇಸ್ತ್ರಿ ಅಂಗಡಿ ಕಟ್ಟೆಗೆ ಬಂದು ಮಲಗಿತ್ತು. ನಮಗೆ ಮೂರು ಕ್ರಾಸ್, ಅದಕ್ಕೆ ಬೇರೆ ದೇಶ. ಅವತ್ತಿನಿಂದ ಪ್ರತಿ ನಾಯಿಯದೂ ಎರಡೂ ಪಕ್ಕದ ಫೋಟೋ ತೆಗೆದು, ಹಿಡಿದ ಮನೆಯ ನಂಬರ್ ಬರೆದುಕೊಳ್ಳುತ್ತೇವೆ.

ಕಿವಿ ಯಾಕೆ ಕತ್ತರಿಸಿದ್ದೀರಿ? ಪಾಪ ಅಲ್ವಾ?

ಅದು ಗುರುತು. ಆಪರೇಷನ್‌ಗೆ ಅರಿವಳಿಕೆ ಕೊಟ್ಟಾಗಲೇ ಕಿವಿಯಲ್ಲಿ ಚಿಕ್ಕದಾಗಿ ಒಂದು ಕಚ್ಚು ಹಾಕುತ್ತಾರೆ. ಅದಿಲ್ಲದಿದ್ದರೆ ಅದೇ ನಾಯಿಯನ್ನು ಮತ್ತೆ ಹಿಡಿದು ಮತ್ತೆ ಹೊಟ್ಟೆ ಕೊಯ್ಯುವ ಅಪಾಯ ಇರುತ್ತದೆ. ದೂರದಿಂದಲೇ ಕಾಣುವ ಗುರುತು ಬೇರೆ ಯಾವುದೂ ಬಾಳಿಕೆ ಬರಲ್ಲ. ಬೆಲ್ಟ್ ಹಾಕಿದರೆ ಒಂದು ವಾರದಲ್ಲಿ ಕಿತ್ತುಹೋಗುತ್ತದೆ.

ಇಷ್ಟೆಲ್ಲ ಮಾಡಿ ಪ್ರಯೋಜನ ಇದೆಯಾ? ನಾಯಿ ಕಡಿಮೆ ಆದ ಹಾಗೆ ಕಾಣಲ್ಲ.

ಹಿಂದಿನ ಪಾಲಿಕೆ ಬಿಬಿಎಂಪಿ ಇದ್ದಾಗ ಎರಡು ಸಲ ಎಣಿಕೆ ಮಾಡಿತ್ತು. 2019ರಲ್ಲಿ ಬೆಂಗಳೂರಿನಲ್ಲಿ ಸುಮಾರು 3.10 ಲಕ್ಷ ಬೀದಿನಾಯಿ, 2023ರಲ್ಲಿ ಸುಮಾರು 2.79 ಲಕ್ಷ. ಊರು ಬೆಳೆಯುತ್ತಾ, ಕಸ ಹೆಚ್ಚುತ್ತಾ ಇರುವಾಗ ಇಷ್ಟು ಇಳಿದದ್ದು ಸಣ್ಣದಲ್ಲ. ಆದರೆ ನಿಮ್ಮ ಬೀದಿಯಲ್ಲಿ ಒಂದೇ ಒಂದು ಹೆಣ್ಣುನಾಯಿ ಉಳಿದುಹೋಗಿದ್ದರೆ ಈ ಲೆಕ್ಕ ನಿಮ್ಮ ಕಣ್ಣಿಗೆ ಕಾಣಲ್ಲ, ನಿಜ.

ಕಾರ್ತಿಕ ಮಾಸಕ್ಕೂ ನಾಯಿಗೂ ಇರುವ ನಂಟು ನಮ್ಮ ಅಜ್ಜಿಯರಿಗೆ ಚೆನ್ನಾಗಿ ಗೊತ್ತಿತ್ತು. ಬುಲ್ ಟೆಂಪಲ್ ರಸ್ತೆಯಲ್ಲಿ ಕಡಲೆಕಾಯಿ ಪರಿಷೆ ನಡೆಯುವ ಹೊತ್ತಿಗೆ ಬೆದೆಗೆ ಬಂದ ಹೆಣ್ಣಿನ ಹಿಂದೆ ಏಳೆಂಟು ಗಂಡು ಅಲೆಯುತ್ತಿರುತ್ತವೆ. ನಾಯಿಯ ಗರ್ಭ ಸುಮಾರು 63 ದಿನ. ಸಂಕ್ರಾಂತಿ ಕಳೆದು ಜನವರಿ ಮುಗಿಯುವ ಹೊತ್ತಿಗೆ ಚರಂಡಿ ಪಕ್ಕ, ಜಲ್ಲಿ ಗುಡ್ಡೆ ಮೇಲೆ, ನಿಂತ ಕಾರಿನ ಕೆಳಗೆ ಮರಿಗಳು. ಅದಕ್ಕೇ ಶ್ರಾವಣ, ಭಾದ್ರಪದ ನಮಗೆ ಅತಿ ಗಡಿಬಿಡಿಯ ತಿಂಗಳು. ಆ ಎರಡು ತಿಂಗಳಲ್ಲಿ ಹಿಡಿದ ಪ್ರತಿ ಹೆಣ್ಣು ಐದಾರು ಮರಿಗಳ ಲೆಕ್ಕ.

ಗವಿಪುರದ ಒಂದು ಕರಿ ಹೆಣ್ಣು ನಮ್ಮನ್ನು ಎರಡು ವರ್ಷ ಆಟ ಆಡಿಸಿತು. ಓಮ್ನಿಯ ಸದ್ದು ತಿರುವಿನಲ್ಲಿ ಕೇಳಿದರೆ ಸಾಕು, ಕಾಂಪೌಂಡ್ ಹಾರಿ ಮಾಯ. ಕೊನೆಗೆ ಹಿಡಿದದ್ದು ನಾವಲ್ಲ, ದಿನಾ ಅದಕ್ಕೆ ಮುದ್ದೆ ಹಾಕುವ ಅಜ್ಜಿ. ಗೇಟಿನೊಳಗೆ ತಟ್ಟೆ ಇಟ್ಟರು, ಅದು ಒಳಗೆ ಬಂತು, ಗೇಟು ಹಾಕಿದರು. ಆಮೇಲೆ ಮೂರು ದಿನ ಅಜ್ಜಿಯೇ ಊಟ ಬಿಟ್ಟು ಕೂತರು, ನಂಬಿದ ಪ್ರಾಣಿಗೆ ಮೋಸ ಮಾಡಿದೆ ಅಂತ. ನಾಯಿ ವಾಪಸ್ ಬಂದ ದಿನ ಅದು ನೇರ ಹೋಗಿ ಅದೇ ಗೇಟಿನ ಮುಂದೆ ಕೂತಿತು.

ನಾಯಿ ಕಚ್ಚಿದರೆ ಏನು ಮಾಡಬೇಕು?

ಇದನ್ನು ದಯವಿಟ್ಟು ನಿಧಾನವಾಗಿ ಓದಿ. ನಾಯಿ ಪ್ರೀತಿ, ನಾಯಿ ದ್ವೇಷ ಎರಡನ್ನೂ ಪಕ್ಕಕ್ಕಿಡಿ.

ಗಾಯವನ್ನು ಕೂಡಲೇ ನಲ್ಲಿಯ ಕೆಳಗೆ ಹಿಡಿದು ಸೋಪು ಹಾಕಿ ಪೂರಾ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಕೊಳ್ಳಿ, 15 ನಿಮಿಷ ಅನ್ನುವುದು ನಾವು ಅಂದುಕೊಂಡದ್ದಕ್ಕಿಂತ ಉದ್ದ. ಅರಿಸಿನ, ಸುಣ್ಣ, ಖಾರದ ಪುಡಿ, ಸೀಮೆಎಣ್ಣೆ ಯಾವುದೂ ಬೇಡ. ಬಿಗಿಯಾಗಿ ಕಟ್ಟಬೇಡಿ. ತಕ್ಷಣ ಆಸ್ಪತ್ರೆಗೆ ಹೋಗಿ. ಸರ್ಕಾರಿ ಆಸ್ಪತ್ರೆಯಲ್ಲಿ ಇಂಜೆಕ್ಷನ್‌ಗೆ ದುಡ್ಡಿಲ್ಲ. ತೋಳಿಗೆ ಹಾಕುತ್ತಾರೆ. ಚರ್ಮದೊಳಗೆ ಕೊಡುವ ಕ್ರಮದಲ್ಲಾದರೆ ಮೊದಲ ದಿನ, ಆಮೇಲೆ 3, 7 ಮತ್ತು 28ನೇ ದಿನ. ಮಾಂಸಖಂಡಕ್ಕೆ ಕೊಡುವುದಾದರೆ 14ನೇ ದಿನವೂ ಸೇರುತ್ತದೆ. ರಕ್ತ ಬಂದಿದ್ದರೆ ಇಮ್ಯುನೊಗ್ಲೋಬ್ಯುಲಿನ್ (ಲಸಿಕೆ ಕೆಲಸ ಶುರುಮಾಡುವ ತನಕ ವೈರಸ್ ತಡೆಯುವ ಔಷಧಿ) ಬೇಕಾ ಅಂತ ನೀವೇ ಬಾಯಿಬಿಟ್ಟು ಕೇಳಿ. ಅದನ್ನು ಗಾಯದ ಸುತ್ತ ಕೊಡುತ್ತಾರೆ.

ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್ ಅನ್ನುವುದು ಹಳೆಯ ಕಾಲದ ಮಾತು. ಆ ಲಸಿಕೆ ನಿಂತು ಇಪ್ಪತ್ತು ವರ್ಷವಾಯಿತು. ಆ ಹೆದರಿಕೆಯಿಂದ ಮಕ್ಕಳು ಕಚ್ಚಿದ್ದನ್ನು ಮನೆಯಲ್ಲಿ ಹೇಳದೆ ಮುಚ್ಚಿಡುತ್ತಾರೆ. ಬೈಯಬೇಡಿ, ಹೇಳುವ ಹಾಗೆ ಬೆಳೆಸಿ.

ನಾಯಿಯನ್ನು ಹತ್ತು ದಿನ ಗಮನಿಸಬೇಕು ಅನ್ನುತ್ತಾರಲ್ಲ, ಅದು ಸರಿ. ಆದರೆ ಗಮನಿಸಿ ಆಮೇಲೆ ಇಂಜೆಕ್ಷನ್ ಅನ್ನುವುದು ತಪ್ಪು. ಇಂಜೆಕ್ಷನ್ ಇವತ್ತೇ ಶುರುವಾಗಬೇಕು. ರೇಬಿಸ್ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಆಮೇಲೆ ಉಳಿಸುವ ಔಷಧಿ ಇಲ್ಲ. ಪರಚಿದರೂ, ಸಾಕಿದ ನಾಯಿಯೇ ಕಚ್ಚಿದರೂ, ಬೆಕ್ಕು ಕಚ್ಚಿದರೂ ಇದೇ ಮಾತು. ನಮಗೆ ಫೋನ್ ಮಾಡುವುದು ಇದೆಲ್ಲ ಆದ ಮೇಲೆ.

ಸುಪ್ರೀಂ ಕೋರ್ಟೇ ಎಲ್ಲ ನಾಯಿ ಹಿಡಿಯಿರಿ ಅಂದಿದೆಯಲ್ಲ?

ವಾಟ್ಸಾಪ್‌ನಲ್ಲಿ ಅರ್ಧ ಬಂದಿದೆ. 2025ರ ಆಗಸ್ಟ್ 11ರಂದು ದೆಹಲಿ ಸುತ್ತಮುತ್ತಲಿನ ಬೀದಿನಾಯಿಗಳನ್ನೆಲ್ಲ ಹಿಡಿದು ಶೆಲ್ಟರ್‌ಗೆ ಹಾಕಿ ಅಂತ ಆದೇಶ ಬಂದದ್ದು ನಿಜ. ಆಗಸ್ಟ್ 22ರಂದು ಅದನ್ನು ಬದಲಿಸಿದರು. ಆಪರೇಷನ್, ಇಂಜೆಕ್ಷನ್ ಆದ ನಾಯಿಯನ್ನು ಅದೇ ಜಾಗಕ್ಕೆ ಬಿಡಿ, ರೇಬಿಸ್ ಇರುವ ಅಥವಾ ಅನುಮಾನ ಇರುವ, ಮೇಲೆ ಬೀಳುವ ನಾಯಿಯನ್ನು ಮಾತ್ರ ಬಿಡಬೇಡಿ ಅಂದರು. ಎಲ್ಲೆಂದರಲ್ಲಿ ಊಟ ಹಾಕಬಾರದು, ಗೊತ್ತುಮಾಡಿದ ಜಾಗದಲ್ಲೇ ಹಾಕಬೇಕು ಅಂತಲೂ ಹೇಳಿದರು. ನವೆಂಬರ್ 7ರಂದು ಇನ್ನೊಂದು ಬಂತು: ಶಾಲೆ, ಕಾಲೇಜು, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ, ರೈಲು ನಿಲ್ದಾಣದ ಆವರಣದ ನಾಯಿಗಳನ್ನು ತೆಗೆದು ಶೆಲ್ಟರ್‌ಗೆ ಹಾಕಬೇಕು, ವಾಪಸ್ ಅಲ್ಲಿಗೇ ಬಿಡುವ ಹಾಗಿಲ್ಲ.

ಈ ಕೊನೆಯದು ನಮಗೆ ಪೂರ್ತಿ ಒಪ್ಪಿಗೆ ಇಲ್ಲ, ಅದನ್ನು ಮುಚ್ಚಿಡುವುದಿಲ್ಲ. ಶೆಲ್ಟರ್ ಕಟ್ಟದೆ ಹಿಡಿಯುವುದು ಹೇಗೆ? ಆದರೂ ಶಾಲೆಯ ಒಳಗೆ ಮಕ್ಕಳ ಮಧ್ಯೆ ನಾಯಿಗುಂಪು ಇರಲಿ ಅಂತ ವಾದ ಮಾಡಲು ನಮ್ಮಲ್ಲಿ ಯಾರೂ ತಯಾರಿಲ್ಲ.

ನಾನು ದಿನಾ ನಾಯಿಗಳಿಗೆ ಊಟ ಹಾಕುತ್ತೇನೆ. ಪಕ್ಕದ ಮನೆಯವರು ಜಗಳಕ್ಕೆ ಬರುತ್ತಾರೆ.

ಊಟ ಹಾಕುವುದು ಅಪರಾಧ ಅಲ್ಲ. ಆದರೆ ನಿಮ್ಮ ಪಕ್ಕದ ಮನೆಯವರ ಮಾತಿನಲ್ಲೂ ಅರ್ಧ ನ್ಯಾಯ ಇರಬಹುದು, ಅಲ್ವಾ? ಅವರ ಗೇಟಿನ ಮುಂದೆ ಅನ್ನ ಸುರಿದು ನೀವು ಒಳಗೆ ಹೋದರೆ ಆಮೇಲೆ ಇರುವೆ, ಇಲಿ, ವಾಸನೆ ಅವರ ಪಾಲಿಗೆ.

ನಿಯಮದ ಪ್ರಕಾರ ಜಾಗ ಗೊತ್ತುಮಾಡಬೇಕಾದ್ದು ನಿವಾಸಿಗಳ ಸಂಘ ಮತ್ತು ಪಾಲಿಕೆ. ಮಕ್ಕಳು ಆಡುವ ಜಾಗ, ಮೆಟ್ಟಿಲು, ಬಾಗಿಲ ಹತ್ತಿರ ಬೇಡ. ಮಕ್ಕಳು, ವಯಸ್ಸಾದವರು ಓಡಾಡುವ ಹೊತ್ತೂ ಬೇಡ. ಪೇಪರ್ ಹಾಸಿ ಅಥವಾ ತಟ್ಟೆಯಲ್ಲಿ ಹಾಕಿ, ತಿಂದು ಮುಗಿಸುವ ತನಕ ನಿಂತು, ತೆಗೆದುಕೊಂಡು ಹೋಗಿ. ಇಷ್ಟು ಮಾಡಿದವರ ಜೊತೆ ಜಗಳ ಆದದ್ದು ಕಡಿಮೆ.

ಏನು ಹಾಕಬೇಕು? ಅನ್ನದ ಜೊತೆ ಬೇಯಿಸಿದ ಕೋಳಿಯ ಚೂರು, ಮೊಟ್ಟೆ. ಮುದ್ದೆ ಆಗುತ್ತದೆ. ಬೇಯಿಸಿದ ಕೋಳಿ ಮೂಳೆ ಬೇಡ, ಸೀಳಿ ಗಂಟಲಿಗೆ ಚುಚ್ಚುತ್ತದೆ. ಈರುಳ್ಳಿ ಹಾಕಿದ ಸಾರು, ಚಾಕೊಲೇಟ್, ದ್ರಾಕ್ಷಿ ಬೇಡ. ಬಿಸ್ಕತ್ತು ದಿನಾ ಬೇಡ. ಎಲ್ಲಕ್ಕಿಂತ ಮುಖ್ಯ, ಊಟ ಹಾಕುವ ನಾಯಿಗೆ ಆಪರೇಷನ್ ಆಗಿದೆಯಾ ನೋಡಿ. ಆಗದ ನಾಯಿಗೆ ಬರೀ ಊಟ ಹಾಕುತ್ತಾ ಹೋಗುವುದು ಅರ್ಧ ಕೆಲಸ.

2025ರ ಜುಲೈನಲ್ಲಿ ಬಿಬಿಎಂಪಿ ಸುಮಾರು ಐದು ಸಾವಿರ ನಾಯಿಗಳಿಗೆ ಕೋಳಿ ಅನ್ನ ಕೊಡುವ ಯೋಜನೆ ತಂದಾಗ ಎಷ್ಟು ಜೋಕು, ಎಷ್ಟು ಗಲಾಟೆ! ಆ ವಾರ ನಮ್ಮನ್ನು ಕಂಡವರೆಲ್ಲ, "ನಮಗೂ ಒಂದು ಪ್ಲೇಟ್ ಕೊಡ್ಸಿ" ಅಂದರು.

ಗಾಯಗೊಂಡ ನಾಯಿ ಕಂಡರೆ?

ಮೊದಲು ನಿಮ್ಮ ಕೈ ಕಾಪಾಡಿಕೊಳ್ಳಿ. ನೋವಿನಲ್ಲಿರುವ ನಾಯಿ ಸಾಕಿದವರನ್ನೂ ಕಚ್ಚುತ್ತದೆ. ದಪ್ಪ ಟವೆಲ್ ಅಥವಾ ಗೋಣಿಚೀಲ ತಲೆಯ ಮೇಲೆ ಹಾಕಿದರೆ ಸ್ವಲ್ಪ ಸಮಾಧಾನವಾಗುತ್ತದೆ. ಗಾಡಿ ಹೊಡೆದಿದ್ದರೆ ಎತ್ತಬೇಡಿ, ಹಲಗೆ ಅಥವಾ ಬೆಡ್‌ಶೀಟ್ ಮೇಲೆ ಜಾರಿಸಿ. ನೀರನ್ನು ಬಾಯಿಗೆ ಸುರಿಯಬೇಡಿ. ಜಾಗದ ಗುರುತು, ಒಂದು ವಿಡಿಯೋ ಕಳಿಸಿ. "ನಾಯಿಗೆ ಏಟಾಗಿದೆ, ಬೇಗ ಬನ್ನಿ" ಅಂತ ಮೆಸೇಜ್ ಹಾಕಿ ಫೋನ್ ಎತ್ತದೆ ಇರಬೇಡಿ. ನಾವು ಬರುವ ತನಕ ಅಲ್ಲೇ ಇರಿ. ಜೊತೆಗೆ ನಿಲ್ಲುವವರು ಇದ್ದರೆ ನಾಯಿ ಅರ್ಧ ಬದುಕಿದ ಹಾಗೆ.

ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ನೀವೇ ಕರೆದುಕೊಂಡು ಹೋಗಬಹುದು. ದೂರ ಜಾಸ್ತಿ ಅನ್ನಿಸಿದರೆ ಹತ್ತಿರದ ಸರ್ಕಾರಿ ಪಶು ಆಸ್ಪತ್ರೆ. ಮಳೆಗಾಲದಲ್ಲಿ ಗಾಯಕ್ಕೆ ಹುಳ ಬೀಳುವುದು ಜಾಸ್ತಿ. ನೋಡಲು ಆಗಲ್ಲ, ಆದರೆ ಬೇಗ ತೋರಿಸಿದರೆ ವಾಸಿಯಾಗುತ್ತದೆ. ಮನೆಯ ಮಾತ್ರೆ ಕೊಡಬೇಡಿ. ಬೆಕ್ಕಿಗಂತೂ ಪ್ಯಾರಾಸಿಟಮಾಲ್ ವಿಷ, ಒಂದು ಮಾತ್ರೆ ಸಾಕು ಸಾಯಲು.

ಬೆಕ್ಕಿಗೆ ಏನೂ ಮಾಡಲ್ವಾ?

ಮಾಡುತ್ತೇವೆ, ನಿಧಾನವಾಗಿ. ಬೆಕ್ಕು ಹಿಡಿಯುವುದು ನಾಯಿ ಹಿಡಿದ ಹಾಗಲ್ಲ. ಬೋನಿನಲ್ಲಿ ಮೀನಿನ ತಲೆ ಇಟ್ಟು ಮೂರು ರಾತ್ರಿ ಕಾಯಬೇಕು. ಮೂರನೇ ರಾತ್ರಿ ಒಳಗೆ ಹೆಗ್ಗಣ ಇರುತ್ತದೆ.

ನಮ್ಮ ಮನೆ ಹತ್ತಿರ ಮರಿಗಳಿವೆ. ಯಾರಿಗಾದರೂ ಕೊಡಿಸಿ.

ಕೊಡಿಸಲು ನೋಡುತ್ತೇವೆ. ಆದರೆ ಎರಡು ತಿಂಗಳಾಗುವ ಮುಂಚೆ ತಾಯಿಯಿಂದ ಬಿಡಿಸುವುದಿಲ್ಲ. ಆರೆಂಟು ವಾರಕ್ಕೆ ಪಾರ್ವೊ, ಡಿಸ್ಟೆಂಪರ್ ಇಂಜೆಕ್ಷನ್ ಶುರು, ಮೂರು ತಿಂಗಳಿಗೆ ರೇಬಿಸ್. ಪಾರ್ವೊ ಬಂದ ಮರಿ ಎರಡು ದಿನದಲ್ಲಿ ಹೋಗಿಬಿಡುತ್ತದೆ. ಹಾಗೆ ಹೋದ ಮರಿಗಳನ್ನು ಎಣಿಸುವುದನ್ನು ನಾವು ಬಿಟ್ಟಿದ್ದೇವೆ.

ಗಂಡುಮರಿ ಕೇಳುವವರು ಹತ್ತು ಜನ, ಹೆಣ್ಣುಮರಿ ಕೇಳುವವರು ಒಬ್ಬರು. ಹೆಣ್ಣಿಗೆ ಆಪರೇಷನ್ ಮಾಡಿಸಿಯೇ ಕೊಡುವ ಜವಾಬ್ದಾರಿ ನಮ್ಮದು ಅಂದರೂ ಮುಖ ತಿರುಗಿಸುತ್ತಾರೆ. "ಕಂತ್ರಿ ನಾಯಿ ಯಾಕೆ, ಹಸ್ಕಿ ತರೋಣ" ಅನ್ನುವವರಿಗೆ ಒಂದೇ ಮಾತು: ಹಿಮದಲ್ಲಿ ಗಾಡಿ ಎಳೆಯುವ ನಾಯಿಯನ್ನು ಏಪ್ರಿಲ್ ತಿಂಗಳ ಬೆಂಗಳೂರಿನ ಬಾಲ್ಕನಿಯಲ್ಲಿ ಕಟ್ಟಿಹಾಕಿ ಏನು ಸಾಧಿಸುತ್ತೀರಿ? ನಾಟಿಯೇ ಬೇಕು, ಹೆಸರೂ ಬೇಕು ಅಂದರೆ ಮುಧೋಳ ನಾಯಿ ಇದೆ. 2005ರಲ್ಲಿ ಅದರ ಅಂಚೆಚೀಟಿಯೇ ಬಂದಿದೆ. ಆದರೆ ಅದು ಓಡುವ ನಾಯಿ. ಎರಡು ಕೋಣೆಯ ಮನೆಗೆ ಅದೂ ಬೇಡ.

ರಸ್ತೆಯಲ್ಲಿ ಹಸು ಕಸ ತಿನ್ನುತ್ತಿದೆ.

ಅದಕ್ಕೆ ಬಹುಪಾಲು ಯಜಮಾನರು ಇದ್ದಾರೆ. ಬೆಳಗ್ಗೆ ಹಾಲು ಕರೆದು ಬಿಡುತ್ತಾರೆ, ಸಂಜೆ ಅದೇ ಮನೆಗೆ ಬರುತ್ತದೆ. ಕರ್ನಾಟಕದಲ್ಲಿ ಪ್ಲಾಸ್ಟಿಕ್ ಕವರ್ 2016ರಿಂದ ನಿಷೇಧ. ಈ ಸುದ್ದಿ ಹಸುವಿನ ಹೊಟ್ಟೆಗೆ ಇನ್ನೂ ತಲುಪಿಲ್ಲ. ನಿಮ್ಮ ಕೈಲಾಗುವುದು ಒಂದಿದೆ: ತರಕಾರಿ ಸಿಪ್ಪೆಯನ್ನು ಕವರ್‌ನಲ್ಲಿ ಗಂಟು ಕಟ್ಟಿ ಎಸೆಯಬೇಡಿ. ಹಸುವಿಗೆ ಗಂಟು ಬಿಚ್ಚಲು ಬರಲ್ಲ, ಕವರ್ ಸಮೇತ ನುಂಗುತ್ತದೆ.

ಹದ್ದು, ಹಾವು, ಕೋತಿ?

ಆಷಾಢದ ಗಾಳಿ ಶುರುವಾದರೆ ಮರದಲ್ಲಿ ಗಾಳಿಪಟದ ದಾರಕ್ಕೆ ಸಿಕ್ಕ ಹದ್ದುಗಳು. ನೈಲಾನ್ ಮಾಂಜಾ ಮಾರುವುದು ನಿಷೇಧ, ಆದರೂ ಸಿಗುತ್ತದೆ. ದಾರ ಎಳೆಯಬೇಡಿ, ರೆಕ್ಕೆಯ ಮಾಂಸ ಕೊಯ್ಯುತ್ತದೆ. ಹತ್ತಿರದಲ್ಲೇ ದಾರ ಕತ್ತರಿಸಿ, ತೂತು ಮಾಡಿದ ರಟ್ಟಿನ ಡಬ್ಬದಲ್ಲಿ ಕತ್ತಲೆ ಮಾಡಿ ಇಡಿ. ಕಾಡುಪ್ರಾಣಿ, ಪಕ್ಷಿಗೆ ಚಿಕಿತ್ಸೆ ನಾವು ಮಾಡುವ ಹಾಗಿಲ್ಲ, ತಲುಪಿಸುತ್ತೇವೆ ಅಷ್ಟೇ. ಹಾವು, ಕೋತಿಗೆ ಅರಣ್ಯ ಇಲಾಖೆಯ ಸಹಾಯವಾಣಿ 1926. ಹಾವು ಕಂಡರೆ ದೂರ ನಿಂತು ಎಲ್ಲಿಗೆ ಹೋಯಿತು ಅಂತ ನೋಡುತ್ತಿರಿ, ಅಷ್ಟೇ ಸಾಕು. ಪಂಜರದ ಗಿಳಿ ಬಗ್ಗೆಯೂ ಕೇಳುತ್ತಾರೆ: ನಮ್ಮ ದೇಶದ ಗಿಳಿ ಸಾಕುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ತಪ್ಪು.

ಯಾರೋ ನಾಯಿಗೆ ಹೊಡೆಯುತ್ತಿದ್ದಾರೆ. ದೂರು ಕೊಟ್ಟರೆ ಏನಾಗುತ್ತದೆ?

1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಲ್ಲಿ ಮೊದಲ ಸಲದ ತಪ್ಪಿಗೆ ದಂಡ ಹತ್ತರಿಂದ ಐವತ್ತು ರೂಪಾಯಿ. ಇವತ್ತು ಅದಕ್ಕೆ ಒಳ್ಳೆಯ ಮಸಾಲೆ ದೋಸೆಯೂ ಬರಲ್ಲ. ಆದರೆ ಪ್ರಾಣಿಯನ್ನು ಕೊಂದರೆ, ಅಂಗ ಊನ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್ ಇದೆ. ಅದರಲ್ಲಿ ಐದು ವರ್ಷದವರೆಗೆ ಜೈಲು. ಠಾಣೆಗೆ ಹೋಗುವಾಗ ಈ ನಂಬರ್ ಚೀಟಿಯಲ್ಲಿ ಬರೆದುಕೊಂಡು ಹೋಗಿ.

ಒಬ್ಬರು ಮಹಡಿಯಿಂದ ಬಿಸಿನೀರು ಸುರಿದಿದ್ದರು. ನಾಯಿಯ ಬೆನ್ನು ಬೆಂದಿತ್ತು. ದೂರು ಕೊಟ್ಟೆವು, ಜೊತೆಗೆ ಅವರ ಮನೆಗೂ ಹೋದೆವು. ರಾತ್ರಿ ಪಾಳಿಯ ಕೆಲಸದವರು. ಬೆಳಗ್ಗೆ ಮಲಗಿದಾಗ ಕಿಟಕಿ ಕೆಳಗೆ ನಾಯಿ ಜಗಳ. ಮಾಡಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಕಿಟಕಿ ಕೆಳಗೆ ಊಟ ಹಾಕುತ್ತಿದ್ದವರು ನಮ್ಮವರೇ. ಜಾಗ ಬದಲಿಸಿದೆವು.

ದೀಪಾವಳಿಗೆ ಏನು ಮಾಡುತ್ತೀರಿ?

ಓಡಿಹೋದ ನಾಯಿ ಹುಡುಕುತ್ತೇವೆ. ಪಟಾಕಿ ರಾತ್ರಿ ಎಂಟರಿಂದ ಹತ್ತು, ಹಸಿರು ಪಟಾಕಿ ಮಾತ್ರ ಅನ್ನುವುದು ನಿಯಮ. ಆ ಮೂರು ದಿನ ನಿಮ್ಮ ಗೇಟು, ಪಾರ್ಕಿಂಗ್ ಸ್ವಲ್ಪ ತೆರೆದಿಡಿ.

ಮನುಷ್ಯರೇ ಕಷ್ಟದಲ್ಲಿರುವಾಗ ನಾಯಿಗೆ ಯಾಕೆ ಇಷ್ಟೆಲ್ಲ?

ಇದನ್ನು ಕೇಳಿದವರನ್ನು ನಾವು ರಕ್ತದಾನ ಶಿಬಿರದಲ್ಲಿ ಇನ್ನೂ ನೋಡಿಲ್ಲ. ಮುಂದಿನ ಪ್ರಶ್ನೆ.

ದುಡ್ಡು ಎಲ್ಲಿಂದ?

ಕೈಯಿಂದ, ಮತ್ತು ಬಡಾವಣೆಯವರಿಂದ. ತಿಂಗಳ ಲೆಕ್ಕ ಬರೆದು ನೋಟಿಸ್ ಬೋರ್ಡಿಗೆ ಅಂಟಿಸುತ್ತೇವೆ. ದುಡ್ಡು ಬೇಡ ಅಂದರೆ ಹಳೆಯ ಬೆಡ್‌ಶೀಟ್, ನ್ಯೂಸ್‌ಪೇಪರ್, ಸಿಮೆಂಟಿನ ನೀರಿನ ತೊಟ್ಟಿ ಕೊಡಿ. ತೊಟ್ಟಿ ಇಟ್ಟವರು ಮೂರು ದಿನಕ್ಕೊಮ್ಮೆ ಉಜ್ಜಿ ನೀರು ಬದಲಿಸಬೇಕು, ಇಲ್ಲದಿದ್ದರೆ ಸೊಳ್ಳೆ ಸಾಕಿದ ಹಾಗೆ.

ನಾನೂ ಬರಬಹುದಾ?

ಭಾನುವಾರ ಬೆಳಗ್ಗೆ ಐದೂಕಾಲಿಗೆ ಬನ್ನಿ. ಚಪ್ಪಲಿ ಬೇಡ, ಶೂ ಹಾಕಿಕೊಳ್ಳಿ. ಹರಿದರೂ ಬೇಜಾರಿಲ್ಲದ ಪ್ಯಾಂಟ್. ರೇಬಿಸ್‌ಗೆ ಮುಂಚಿತವಾಗಿ ಹಾಕಿಸಿಕೊಳ್ಳುವ ಇಂಜೆಕ್ಷನ್ ಆಗಿರಬೇಕು, ಅದಿಲ್ಲದೆ ಬಲೆ ಮುಟ್ಟಲು ಬಿಡುವುದಿಲ್ಲ. ಮೊದಲ ತಿಂಗಳು ಬರೀ ಫೋಟೋ, ಪಟ್ಟಿ, ಮನೆಮನೆ ಮಾತು. ಇನ್ನೊಂದು ವಿಷಯ: ಜೇಬಿನಲ್ಲಿ ಬಿಸ್ಕತ್ತು ಇಟ್ಟುಕೊಂಡು ಬರಬೇಡಿ. ಬೀದಿಯ ನಾಯಿಗಳೆಲ್ಲ ಹಿಂದೆ ಬರುತ್ತವೆ, ಹಿಡಿಯಬೇಕಾದ ಒಂದನ್ನು ಬಿಟ್ಟು.